ಕರಿ ಮೈಗೆ ಹೊಸ ಹೊನ್ನು

ಹಳೆಯ ಹೊಲಿಗೆ ಮಿಷನ್ನಿನ ಮೈಮೇಲಿನ ಬಂಗಾರದ ಚಿತ್ತಾರ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೊದಲು ಹೋಗುವುದು ಮುಂದಿನ ಅಂಚಿನದು. ಬಟ್ಟೆ, ಅಂಗೈ, ಕೈಬಳೆ ಎಲ್ಲ ಉಜ್ಜುವುದು ಅಲ್ಲಿಯೇ. ಹೊನ್ನಿನ ಬಣ್ಣ ಅಲ್ಲಿ ಮೊದಲು ಮಂಕು ಬೆಳ್ಳಿಯಾಗುತ್ತದೆ, ಆಮೇಲೆ ಗೆರೆಯ ಗುರುತಷ್ಟೇ ಉಳಿಯುತ್ತದೆ, ಕೊನೆಗೆ ಕರಿ ಬಣ್ಣವೂ ಕರಗಿ ಬೀಡು ಕಬ್ಬಿಣ ಇಣುಕುತ್ತದೆ. ಬಲಗಡೆಯ ಕಂಬದ ಮೇಲೆ, ತೋಳಿನ ಹಿಂಬದಿಯಲ್ಲಿ, ಬಟ್ಟೆ ತಾಗದ ಕಡೆ ಚಿತ್ತಾರ ಹೆಚ್ಚುಕಡಿಮೆ ಮೊದಲಿನಂತೆಯೇ ನಿಂತಿರುತ್ತದೆ. ವರ್ಷಕ್ಕೆ ನೂರಾರು ಶಾಲಾ ಸಮವಸ್ತ್ರ ಹೊಲಿದ ಮಿಷನ್ ಯಾವುದು, ಬಳುವಳಿಯಾಗಿ ಬಂದು ಮೂಲೆ ಸೇರಿದ್ದು ಯಾವುದು ಎಂಬುದನ್ನು ಬಲ್ಲವರು ಸೂಜಿ ಮುಟ್ಟದೆಯೇ ಹೇಳಬಲ್ಲರು. ಸವೆತ ಎಲ್ಲಿದೆ ಎಂದು ನೋಡಿದರೆ ಸಾಕು.

ಈ ಸವೆತವನ್ನೆಲ್ಲ ಉಜ್ಜಿ ತೆಗೆದು, ಮೈಗೆ ಹೊಸ ಕರಿ ಬಣ್ಣ ಹೊಡೆದು, ಮೇಲೆ ಹೊಸದಾಗಿ ಅಚ್ಚು ಹಾಕಿಸಿದ ಡೆಕಾಲ್ ಅಂಟಿಸುವ ಕೆಲಸ ಈಗ ಒಂದು ಕಸುಬಿನಂತೆಯೇ ಬೆಳೆದಿದೆ. ಬ್ರಿಟನ್, ಅಮೆರಿಕಗಳ ಹವ್ಯಾಸಿಗಳು ಇದನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ನಮ್ಮಲ್ಲಿ ಡೆಕಾಲ್ ಸೆಟ್‌ಗಳು ಅಂಚೆಯಲ್ಲಿ ಮನೆಗೇ ಬರುತ್ತವೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ ಸ್ಟಿಕ್ಕರ್. ಈ ಕೆಲಸದ ಕೈಚಳಕದ ಬಗ್ಗೆ ನನಗೆ ಮೆಚ್ಚುಗೆ ಇದೆ. ಅದನ್ನು ಜೀರ್ಣೋದ್ಧಾರ ಎಂದು ಕರೆದುಕೊಳ್ಳುವ ಧೈರ್ಯದ ಬಗ್ಗೆ ಮಾತ್ರ ತಕರಾರಿದೆ. ಬೆಂಗಳೂರಿನಲ್ಲಿ ಕೂತು ನೋಡಿದರೆ ಈ ತಕರಾರು ಅತಿಯಾಯಿತು ಅನ್ನಿಸಬಹುದು. ಪೋತ್ನಾಳದಂಥ ಊರಿನಿಂದ ನೋಡಿದರೆ ಅಷ್ಟೇನೂ ಅತಿಯಲ್ಲ.

ಪೋತ್ನಾಳ ಮಾನ್ವಿ ತಾಲ್ಲೂಕಿನ ಊರು, ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಆಂಧ್ರದ ರೈತರ ಕ್ಯಾಂಪುಗಳು ಬಂದವು, ಸಂತೆ ದೊಡ್ಡದಾಯಿತು, ಹೊಲಿಸಿಕೊಳ್ಳುವವರೂ ಹೆಚ್ಚಾದರು. ಅದಕ್ಕೂ ಹಿಂದಿನ ಕತೆ ರೈಲಿನದು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸು ರೈಲ್ವೆಯನ್ನು ಕೂಡಿಕೊಂಡದ್ದು ರಾಯಚೂರಿನಲ್ಲಿ. ಹೊಲಿಗೆ ಮಿಷನ್ನಿನ ಸಿಂಗರ್ ಕಂಪನಿಯ ಭಾರತದ ವ್ಯಾಪಾರವನ್ನು ಕಟ್ಟಿದವರು ಮುಂಬಯಿಯ ಪಾರಸಿ ಏಜೆಂಟ್ ನಸರ್ವಾನ್‌ಜಿ ಮರ್ವಾನ್‌ಜಿ ಪಟೇಲ್. ಮಿಷನ್ ಮೊದಲು ಒಯ್ಯಿರಿ, ಹಣ ಕಂತಿನಲ್ಲಿ ಕೊಡಿ ಎನ್ನುವ ಪದ್ಧತಿಯನ್ನು ಆ ಕಂಪನಿ ಅಮೆರಿಕದಲ್ಲಿ 1856ರಷ್ಟು ಹಿಂದೆಯೇ ಶುರುಮಾಡಿತ್ತು; ನಮ್ಮ ದರ್ಜಿಗಳ ಕೈಗೂ ಮಿಷನ್ ಬಂದದ್ದು ಹೆಚ್ಚಾಗಿ ಅದೇ ದಾರಿಯಲ್ಲಿ. ರೈಲಿನ ಕೂಡುದಾರಿಯಲ್ಲಿದ್ದ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯಲ್ಲಿ ಶೇರವಾನಿ, ಪೈಜಾಮ, ಕುಬುಸ ಎಲ್ಲವನ್ನೂ ಹೊಲಿದವರು ಸಿಂಪಿಗರು ಮತ್ತು ಮುಸ್ಲಿಂ ದರ್ಜಿಗಳು. ಹೊಲಿದ ಮಿಷನ್‌ಗಳಲ್ಲಿ ಅನೇಕವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್ಬೊವಿ ಕಾರ್ಖಾನೆಯವು. 15ಕೆ, 28ಕೆ, 66ಕೆ ಎಂದು ಮಾದರಿ ಸಂಖ್ಯೆಯ ಹಿಂದೆ ಬರುವ ‘ಕೆ’ ಆ ಕಿಲ್ಬೊವಿಯದೇ.

ಗಾಂಧೀಜಿಯ ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋಗುವಂತಿಲ್ಲ. 1924ರಲ್ಲಿ, ಯಂತ್ರಗಳನ್ನೆಲ್ಲ ವಿರೋಧಿಸುತ್ತೀರಾ ಎಂದು ಕೇಳಿದ ಯುವಕನೊಬ್ಬನಿಗೆ ಉತ್ತರಿಸುತ್ತ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ಕಂಡು ಸಿಂಗರ್ ಪ್ರೀತಿಯಿಂದ ಅದನ್ನು ಕಂಡುಹಿಡಿದ ಎಂಬ ಕತೆಯನ್ನೂ ಹೇಳಿದರು. ಕತೆ ಚೆಂದ, ಚರಿತ್ರೆ ಬೇರೆ. ಐಸಾಕ್ ಸಿಂಗರ್ ಹಲವು ಸಂಸಾರ ಹೂಡಿದ್ದ ಮನುಷ್ಯ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆ. ತುದಿಯಲ್ಲಿ ಕಣ್ಣಿರುವ ಸೂಜಿ, ಎರಡು ದಾರಗಳ ಲಾಕ್ ಹೊಲಿಗೆ ಇವುಗಳ ಪೇಟೆಂಟು 1846ರಲ್ಲೇ ಎಲಿಯಾಸ್ ಹೋವ್ ಎಂಬಾತನದಾಗಿತ್ತು. 1851ರಲ್ಲಿ ಸಿಂಗರ್ ಪೇಟೆಂಟ್ ಪಡೆದದ್ದು ಸುಧಾರಿಸಿದ ಯಂತ್ರಕ್ಕೆ. ಆತನ ಕಂಪನಿಯ ನಿಜವಾದ ಜಾಣತನವಿದ್ದದ್ದು ಮಾರುವುದರಲ್ಲಿ. ಹೂಬಳ್ಳಿಯ ಚಿತ್ತಾರ ಆ ಮಾರಾಟದ ಜಾಣತನದ್ದೇ ಒಂದು ಭಾಗ. ಕಾರ್ಖಾನೆಯ ಯಂತ್ರವೊಂದು ನಡುಮನೆಯಲ್ಲಿ, ಹೆಂಗಸರ ಕಣ್ಣೆದುರು, ಕಪಾಟು ಕನ್ನಡಿಗಳ ಪಕ್ಕ ಕೂರಬೇಕಿತ್ತು. ಅದಕ್ಕೇ ಹೊನ್ನು ಮೆತ್ತಿದರು.

ಆ ಹೊನ್ನು ಕೂತ ಬಗೆ ತಿಳಿಯದೆ ಹೊಸ ಡೆಕಾಲ್ ಬಗ್ಗೆ ತೀರ್ಪು ಹೇಳುವುದು ಕಷ್ಟ. ಮೈಯ ಕರಿ ಬಣ್ಣ ಇವತ್ತಿನ ಎನಾಮಲ್ ಅಲ್ಲ. ಕಲ್ಲರಗಿನಂಥ ಡಾಂಬರು ಜಾತಿಯ ವಸ್ತುವನ್ನು ಎಣ್ಣೆಯಲ್ಲಿ ಬೆರೆಸಿ, ಪದರ ಪದರವಾಗಿ ಹಚ್ಚಿ, ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ್ದು. ಜಪಾನಿಂಗ್ ಎಂದು ಅದರ ಹೆಸರು. ಅದರ ಮೇಲೆ ಕಾಗದದಲ್ಲಿ ಅಚ್ಚಾದ ಲೋಹಬಣ್ಣದ ಚಿತ್ತಾರವನ್ನು ಒತ್ತಿ, ಕಾಗದ ನೆನೆಸಿ ತೆಗೆದು, ಮೇಲೆ ತೆಳು ವಾರ್ನಿಶ್ ಬಳಿಯುತ್ತಿದ್ದರು. ಹೊನ್ನಿಗೆ ಇದ್ದ ಕಾವಲು ಆ ವಾರ್ನಿಶ್ ಒಂದೇ. ಬೀದರಿನ ಬಿದ್ರಿ ಕೆಲಸದಲ್ಲಿ ಬೆಳ್ಳಿ ತಂತಿಯನ್ನು ಲೋಹ ಕೊರೆದು ಒಳಗೆ ಕೂರಿಸುತ್ತಾರೆ. ಉಜ್ಜಿದಷ್ಟೂ ಅದು ಬೆಳಗುತ್ತದೆ. ಕರಿ ನೆಲದ ಮೇಲೆ ಹೊಳೆವ ಬಳ್ಳಿ ಕಂಡು ನಮ್ಮ ಸೀಮೆಯ ಕಣ್ಣಿಗೆ ಸಿಂಗರ್ ಕೂಡ ಬಿದ್ರಿಯ ನಂಟನಂತೆ ತೋರಿದ್ದರೆ ಆಶ್ಚರ್ಯವಿಲ್ಲ, ಆದರೆ ಸಿಂಗರಿನ ಬಳ್ಳಿ ಮೇಲ್ಮೈಯ ಪೊರೆ ಮಾತ್ರ. ಸ್ಪಿರಿಟ್ ಹಚ್ಚಿ ಒರೆಸಿದರೆ ವಾರ್ನಿಶ್ ಕರಗಿ, ಕೈಯಲ್ಲಿರುವ ಬಟ್ಟೆಗೆ ಬಂಗಾರ ಬರುತ್ತದೆ. ವರ್ಷವರ್ಷ ಆಯುಧಪೂಜೆಗೆ ವಿಭೂತಿ ಬಳಿದು, ಮರುದಿನ ಒಣ ಬಟ್ಟೆಯಲ್ಲಿ ತಿಕ್ಕಿ ಒರೆಸಿದಾಗಲೂ ಒಂದಿಷ್ಟು ಹೋಗುತ್ತದೆ. ಭಕ್ತಿಯಿಂದ ಸವೆದ ಡೆಕಾಲ್ ಸ್ಕಾಟ್ಲೆಂಡಿನಲ್ಲಿ ಸಿಗಲಾರದು.

ಕಿಲ್ಬೊವಿ ಕಾರ್ಖಾನೆಯಲ್ಲಿ ಹೊಳಪಿಗೂ ಕೂಲಿ ಇತ್ತು, ಆ ಕೂಲಿಗೂ ಜಗಳ ಇತ್ತು. 1911ರ ಮಾರ್ಚ್‌ನಲ್ಲಿ ಕ್ಲೈಡ್‌ಬ್ಯಾಂಕ್‌ನಲ್ಲಿ ಸುಮಾರು 11,000 ಜನ ಮುಷ್ಕರ ಹೂಡಿದರು. ಕಿಡಿ ಹೊತ್ತಿದ್ದು ಮಿಷನ್ನಿನ ಮರದ ಪೆಟ್ಟಿಗೆಗೆ ಪಾಲಿಶ್ ಹಾಕುತ್ತಿದ್ದ 12 ಮಂದಿ ಹೆಂಗಸರಿಂದ. ಕಂಪನಿ ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯಲು ಹೊರಟಾಗ ಅವರು ಕೈಕಟ್ಟಿ ಕೂತರು. ಕಂಪನಿ ಮಣಿಯಲಿಲ್ಲ, ಮುಷ್ಕರ ಸೋತಿತು, ಮುಂದಾಳುಗಳು ಕೆಲಸ ಕಳೆದುಕೊಂಡರು. ‘ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ’ ಎಂಬ ಮಾತು ಜೀರ್ಣೋದ್ಧಾರಕರ ಬಾಯಲ್ಲಿ ಬಂದಾಗಲೆಲ್ಲ ಆ 12 ಜನ ನನಗೆ ನೆನಪಾಗುತ್ತಾರೆ. ಕಾರ್ಖಾನೆ 1980ರಲ್ಲಿ ಮುಚ್ಚಿತು.

ಇನ್ನು ಇವತ್ತಿನ ಡೆಕಾಲ್. ಇದರಲ್ಲಿ ಎರಡು ಜಾತಿ. ಒಂದು ನೀರಿನಲ್ಲಿ ನೆನೆಸಿ ಜಾರಿಸುವುದು. ತೆಳು ಪೊರೆ ಕಾಗದದಿಂದ ಬಿಡಿಸಿಕೊಂಡು ಬರುತ್ತದೆ, ಅದನ್ನು ಮೈಮೇಲೆ ಸರಿಸಿ, ಕೆಳಗಿನ ನೀರು ಗುಳ್ಳೆಗಳನ್ನು ಮೆದುವಾಗಿ ಒತ್ತಿ ಹೊರಹಾಕಿ, ಒಂದು ಹಗಲು ರಾತ್ರಿ ಒಣಗಲು ಬಿಡಬೇಕು. ಇನ್ನೊಂದು ವಿನೈಲ್ ಹಾಳೆಯಲ್ಲಿ ಕತ್ತರಿಸಿದ್ದು. ಬೈಕಿನ ಟ್ಯಾಂಕಿಗೆ ಅಂಟಿಸುವ ಜಾತಿಯದು. ವಿನೈಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಪ್ಪ, ಅಂಚು ಬೆರಳಿಗೆ ಸಿಗುತ್ತದೆ, ಆ ಅಂಚಿಗೆ ಎಣ್ಣೆ ಮತ್ತು ನೂಲಿನ ಜುಂಗು ಸೇರಿ ಕರಿ ಗೆರೆ ಕಟ್ಟುತ್ತದೆ. 42 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಅದರ ಅಂಟು ಮೆತ್ತಗಾಗಿ ಮೂಲೆಗಳು ಮೇಲೇಳುತ್ತವೆ. ಕೆಲಸ ಮಾಡುವ ಮಿಷನ್ನಿಗೆ ಅದು ಹೇಳಿಸಿದ್ದಲ್ಲ.

ನೀರಿನ ಡೆಕಾಲಿನಲ್ಲಿ ವ್ಯತ್ಯಾಸ ಇರುವುದು ಬಣ್ಣದಲ್ಲಿ. ಮಾಮೂಲಿ ಲೇಸರ್ ಪ್ರಿಂಟರ್ ಲೋಹದ ಹೊನ್ನು ಅಚ್ಚುಹಾಕಲಾರದು. ಹಳದಿಗೆ ಕಂದು ಸೇರಿಸಿ ಹೊನ್ನಿನ ಭ್ರಮೆ ಕೊಡುತ್ತದೆ, ಅಷ್ಟೇ. ಫೋಟೊದಲ್ಲಿ ಚೆನ್ನಾಗಿ ಕಾಣುವ ಇದು ಕಿಟಕಿಯ ಬೆಳಕಿನಲ್ಲಿ ಸಾಸಿವೆಯ ಬಣ್ಣಕ್ಕೆ ತಿರುಗುತ್ತದೆ, ತಲೆ ಅತ್ತಿತ್ತ ಆಡಿಸಿದರೆ ಮಿಣುಗುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಲೋಹದ ಪುಡಿಯ ಶಾಯಿ ಹಾಕಿ ಮಾಡಿದ್ದು ಮಿಣುಗುತ್ತದೆ. ಅದಕ್ಕೆ ದುಡ್ಡೂ ಹೆಚ್ಚು. ಅಂಟಿಸಿದ ಮೇಲೆ ಪಾರದರ್ಶಕ ಪದರ ಹೊಡೆಯಲೇಬೇಕು, ಇಲ್ಲದಿದ್ದರೆ ಮೊದಲ ಸಲ ಎಣ್ಣೆ ಬಿಟ್ಟು ಒರೆಸುವಾಗಲೇ ಚಿತ್ತಾರ ಹರಿಯುತ್ತದೆ. ಆ ಪದರವನ್ನು ಮಂಜಿನಂತೆ ತೆಳುವಾಗಿ ಎರಡು ಮೂರು ಸಲ ಹೊಡೆಯದೆ ಒಮ್ಮೆಲೇ ಸುರಿದರೆ ಡೆಕಾಲ್ ಸುಕ್ಕುಗಟ್ಟುತ್ತದೆ. ಕಾರಿಗೆ ಹೊಡೆಯುವ ಎರಡು ಡಬ್ಬಿಯ ಕ್ಲಿಯರ್ ಕೋಟ್ ಎಲ್ಲಕ್ಕಿಂತ ಗಟ್ಟಿ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೇಡು. ಮನೆಯಂಗಳದಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆಯುವವರನ್ನು ಕಂಡರೆ ನನಗೆ ಮಿಷನ್ನಿನ ಚಿಂತೆ ಮರೆತುಹೋಗುತ್ತದೆ.

ಚೆನ್ನಾಗಿ ಮಾಡಿದ ಕೆಲಸ ನಿಜಕ್ಕೂ ಚೆನ್ನಾಗಿರುತ್ತದೆ. ಅದನ್ನು ಒಪ್ಪದಿದ್ದರೆ ಅನ್ಯಾಯ. ಎಡ-ಬಲದ ಬಳ್ಳಿಗಳು ಒಂದೇ ಮಟ್ಟದಲ್ಲಿ ಕೂರಬೇಕು, ತೋಳಿನ ಬಾಗಿದ ಮೈಮೇಲೆ ಅಕ್ಷರಗಳು ಹಿಗ್ಗಬಾರದು, ಅಂಚಿನ ಗೆರೆ ಮೂಲೆಯಲ್ಲಿ ಮುರಿಯದೆ ತಿರುಗಬೇಕು. ಇದಕ್ಕೆಲ್ಲ ತಾಳ್ಮೆ ಬೇಕು, ಕಣ್ಣು ಬೇಕು. ಆದರೂ ನಾನು ನೋಡಿದ ‘ಹೊಸದಾಗಿಸಿದ’ ಮಿಷನ್‌ಗಳಲ್ಲಿ ಮತ್ತೆ ಮತ್ತೆ ಕಂಡ ದೋಷ ಕೈಚಳಕದ್ದಲ್ಲ, ತಿಳಿವಳಿಕೆಯದು. ಒಂದು ಉದಾಹರಣೆ ಸಾಕು. ಕೆಂಪು, ಹಸಿರು, ಹೊನ್ನು ಸೇರಿದ ‘ರೆಡ್ ಐ’ ಎಂಬ ಪ್ರಸಿದ್ಧ ಚಿತ್ತಾರವಿದೆ. ಅದು ಅಮೆರಿಕದ ಕಾರ್ಖಾನೆಯಿಂದ ಬಂದ 66ನೆಯ ಮಾದರಿಯದು. ಸ್ಕಾಟ್ಲೆಂಡಿನ 66ಕೆ ಮೇಲೆ ಬರುತ್ತಿದ್ದದ್ದು ಕಮಲದ ಚಿತ್ತಾರ. 66ರಲ್ಲಿ ಬಾಬಿನ್ ಇಳಿಬಿಡುವ ಬಾಗಿಲು ಸೂಜಿಯ ಮುಂದೆ ಇದೆ, ಚಿತ್ತಾರ ಅದಕ್ಕೆ ಜಾಗ ಬಿಟ್ಟು ರಚನೆಯಾಗಿದೆ. ನಮ್ಮಲ್ಲಿ ಎಲ್ಲೆಲ್ಲೂ ಇರುವ 15ರ ಜಾತಿಯ ಮಿಷನ್ನಿನಲ್ಲಿ ಬಾಬಿನ್ ಕೇಸು ಎಡ ಬದಿಯಿಂದ ಒಳಹೋಗುತ್ತದೆ, ಮುಂದೆ ಬಾಗಿಲಿಲ್ಲ. ಇಂಥ ಮೈಗೆ ರೆಡ್ ಐ ಅಂಟಿಸಿದಾಗ ಇಲ್ಲದ ಬಾಗಿಲಿಗೆ ಬಿಟ್ಟ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಅಂಟಿಸಿದವರಿಗೂ ಹೊಡೆದಿರಬೇಕು, ಅಲ್ಲಿ ಎರಡು ಹೂ ಕತ್ತರಿಸಿ ತುಂಬಿಸಿರುತ್ತಾರೆ.

ಇದಕ್ಕಿಂತ ದೊಡ್ಡ ನಷ್ಟ ಬಣ್ಣದ ಕೆಳಗೆ ಆಗುತ್ತದೆ. ಸಿಂಗರ್ ಮಿಷನ್ನಿನ ಹಾಸಿನ ಮೇಲೆ, ಬಲಗಡೆ, ಕ್ರಮಸಂಖ್ಯೆ ಕೊರೆದಿರುತ್ತದೆ. ಅದೊಂದರಿಂದ ಮಿಷನ್ ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದ ಆಸುಪಾಸು ಹುಟ್ಟಿತೆಂದು ತಿಳಿಯಬಹುದು. ಕ್ಲೈಡ್‌ಬ್ಯಾಂಕಿನವಕ್ಕೆ ಮೊದಲು ‘ವೈ’ಯಂಥ ಒಂದೇ ಅಕ್ಷರ, 1935ರಿಂದೀಚೆ ‘ಇಎ’ಯಂಥ ಜೋಡಿ ಅಕ್ಷರ. ಮೈ ನುಣುಪಾಗಲೆಂದು ಪುಟ್ಟಿ ತುಂಬಿ ಉಜ್ಜುವಾಗ ಈ ಸಂಖ್ಯೆಯೇ ಹೂತುಹೋಗುತ್ತದೆ. ಹುಣಸೆಹಣ್ಣು ಹಾಕಿ ಬೆಳಗಿದ ಕಂಪನಿಯ ಹಿತ್ತಾಳೆ ಬಿಲ್ಲೆಯಲ್ಲಿ ಅಕ್ಷರದ ಹಿಂದಿನ ಕಪ್ಪು ಮಾಯವಾಗಿರುತ್ತದೆ. ಹೀಗೆ ಮಿಷನ್ನಿನ ನಿಜವಾದ ಹೆಸರು ಅಳಿಸಿ, ಅದರ ಮೇಲೆ ಸಿಂಗರ್ ಎಂದು ದೊಡ್ಡದಾಗಿ ಅಂಟಿಸುವುದನ್ನು ಏನೆಂದು ಕರೆಯಬೇಕು?

ಪುರಾತತ್ವದವರಿಗೆ ಈ ಪ್ರಶ್ನೆ ಹೊಸದಲ್ಲ. 1964ರ ವೆನಿಸ್ ಸನ್ನದು, ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೆಯದರೊಂದಿಗೆ ಹೊಂದಿಕೊಂಡರೂ ಹೊಸದೆಂದು ಗುರುತು ಸಿಗುವಂತಿರಬೇಕು ಎನ್ನುತ್ತದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಅಳಿದ ಅಕ್ಷರಗಳಿವೆ. ಯಾರೂ ಉಳಿ ಹಿಡಿದು ಅವನ್ನು ಹೊಸದಾಗಿ ಕೊರೆಯಲು ಹೋಗಿಲ್ಲ. ಇನ್ನೊಂದು ಕಡೆ, ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳಿಗೆ ಆಯಿಲ್ ಪೇಂಟ್ ಬಳಿದ ಗುಡಿಗಳು ನಮ್ಮ ಊರೂರಲ್ಲಿವೆ. ಬಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ದೇವರ ಮನೆ ಚೊಕ್ಕ ಇರಲೆಂಬ ಭಕ್ತಿಯೇ. ಹೊಸ ಡೆಕಾಲಿನ ಮೋಹ ಈ ಎರಡನೆಯ ಸಾಲಿಗೆ ಸೇರಿದ್ದು.

ಹೊಲಿಗೆ ಮಿಷನ್ ಶಾಸನವೂ ಅಲ್ಲ, ಗುಡಿಯೂ ಅಲ್ಲ, ಲಕ್ಷಗಟ್ಟಲೆ ತಯಾರಾದ ಸರಕು ಎಂದು ಯಾರಾದರೂ ಎದುರು ವಾದಿಸಿದರೆ ಆ ವಾದದಲ್ಲಿ ಹುರುಳಿದೆ. ಡೆಕಾಲ್ ಎಂಬುದೇ ಹುಟ್ಟಿನಿಂದ ವ್ಯಾಪಾರದ ಅಂಗಿ. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಸಿಂಗರ್ 15ರ ಪಡಿಯಚ್ಚುಗಳನ್ನು ರಾಶಿರಾಶಿ ತಯಾರಿಸಿ, ತರಿಸಿಕೊಂಡ ವ್ಯಾಪಾರಿ ಕೇಳಿದ ಹೆಸರನ್ನೇ ಅಂಟಿಸಿ ಕಳಿಸಿದವು. ಒಂದೇ ಮಿಷನ್ನಿಗೆ ನೂರಾರು ಹೆಸರು. ನಮ್ಮಲ್ಲೂ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಿಂದ ಉಷಾ ತಯಾರಿಸಿತು. ಲಾಲಾ ಶ್ರೀರಾಮ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಸ್ವಾತಂತ್ರ್ಯದ ನಂತರ ಲುಧಿಯಾನದಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳು ಎದ್ದವು. ಇವತ್ತು ಮಾನ್ವಿಯ ಅಂಗಡಿಯ ಬಾಬಿನ್ ಕೇಸು ತಂದು ಸ್ಕಾಟ್ಲೆಂಡಿನ 15ಕೆಗೆ ಹಾಕಿದರೆ ಕೂರುತ್ತದೆ, ಹೊಲಿಯುತ್ತದೆ. ಸೂಜಿಯೂ ಅದೇ. ಮನಸ್ಸಿದ್ದರೆ 15ರ ಮೈಯನ್ನು ಇನ್ನೊಂದು ನೂರು ವರ್ಷ ಓಡಿಸಬಹುದು. ಉದ್ದ ಶಟಲ್ಲಿನ 28ಕೆಗೆ ಈ ಭಾಗ್ಯವಿಲ್ಲ, ಅದರ ಶಟಲ್ ಸವೆದರೆ ಹುಡುಕಾಟವೇ. ಸಿಂಗರಿಗೂ ನಮ್ಮ ದೇಶಿ ಮಿಷನ್ನಿಗೂ ಇರುವ ನಿಜವಾದ ರಕ್ತಸಂಬಂಧ ಈ ಬಾಬಿನ್ ಕೇಸಿನಲ್ಲಿದೆ. ಡೆಕಾಲ್ ಹಚ್ಚುವವರ ಕಣ್ಣು ಅತ್ತ ಹೋಗುವುದೇ ಇಲ್ಲ.

ಹಾಗಾಗಿ ಲುಧಿಯಾನದ ಮೈಗೆ ಸಿಂಗರ್ ಹೆಸರು ಅಂಟಿಸುವುದು ನನ್ನ ಮಟ್ಟಿಗೆ ಅಭಿರುಚಿಯ ತಪ್ಪಷ್ಟೇ ಅಲ್ಲ. ಮನೆಯಲ್ಲಿಟ್ಟುಕೊಂಡರೆ ಅವರವರ ಖುಷಿ. ಸಿಂಗರ್ ಎಂದು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಕನಿಷ್ಠ 50,000 ರೂಪಾಯಿ ದಂಡ. ಹಳೆಯ ಮಿಷನ್ ಎಂದರೆ ಜನ ಎಷ್ಟು ಬೇಗ ಮರುಳಾಗುತ್ತಾರೆ ಎಂಬುದಕ್ಕೆ 2009ರ ಸೌದಿ ಅರೇಬಿಯಾದ ಕತೆ ಇದೆ. ಸಿಂಗರಿನ ಸೂಜಿಯೊಳಗೆ ಬೆಲೆಬಾಳುವ ‘ಕೆಂಪು ಪಾದರಸ’ ಇದೆ ಎಂಬ ಗಾಳಿಸುದ್ದಿ ಹಬ್ಬಿ, ಗುಜರಿ ಮಿಷನ್ನಿಗೆ ಸಾವಿರಾರು ರಿಯಾಲ್ ಸುರಿದವರಿದ್ದರು; ಮೊಬೈಲನ್ನು ಸೂಜಿಯ ಹತ್ತಿರ ಹಿಡಿದು ಪರೀಕ್ಷೆ ಮಾಡಿದವರೂ ಇದ್ದರು. ಪಾದರಸ ಇರಲಿಲ್ಲ.

ಪೇಟೆಯ ಬಗ್ಗೆ ಇಷ್ಟು ಸಾಕು. ನನ್ನ ಮುಖ್ಯ ತಕರಾರು ಇನ್ನೊಂದಿದೆ. ನಮ್ಮ ಸೀಮೆಯ ಹಳೆಯ ಮಿಷನ್ನಿನ ಮೇಲೆ ಸಿಂಗರಿನ ಹೂಬಳ್ಳಿ ಒಂದೇ ಇರುವುದಿಲ್ಲ. ತೋಳಿನ ಮೇಲೆ 786 ಎಂದು ಬರೆದ ಹಸಿರು ಸ್ಟಿಕ್ಕರ್ ಇರುತ್ತದೆ, ಇಲ್ಲವೇ ಮಂತ್ರಾಲಯದ ರಾಯರ ಸಣ್ಣ ಚಿತ್ರ. ಕಂಬಕ್ಕೆ ಗೇಣು ಅಳತೆಯ ಟೇಪಿನ ತುಂಡು ಅಂಟಿಸಿರುತ್ತಾರೆ. ಹಾಸಿನ ಮೇಲೆ ಕಾಲರ್ ಅಗಲಕ್ಕೆಂದು ಮೊಳೆಯಲ್ಲಿ ಗೀರಿದ ಗೆರೆ ಇರುತ್ತದೆ. ಮೋಟಾರ್ ಕೂರಿಸಲು ಕೊರೆದ ತೂತು, ಕರೆಂಟಿನ ಭರವಸೆ ಇಲ್ಲದೆ ಮತ್ತೆ ಕಾಲ್ತುಳಿತಕ್ಕೆ ಮರಳಿದ ಬೆಲ್ಟಿನ ಉಜ್ಜು. ಒಬ್ಬ ದರ್ಜಿಯ ಕಸುಬು, ನಂಬಿಕೆ, ಲೆಕ್ಕಾಚಾರ ಎಲ್ಲ ಇವುಗಳಲ್ಲಿವೆ. ಪುನರುದ್ಧಾರದ ಮೊದಲ ಹೆಜ್ಜೆಯಲ್ಲೇ, ನೀರು ಹಾಕಿ ಉಜ್ಜುವ ಮರಳು ಕಾಗದದ ಕೆಳಗೆ, ಇವೆಲ್ಲ ಹೋಗುತ್ತವೆ. ಆಮೇಲೆ ಬರುವುದು ಈ ಊರಿನ ಯಾರೂ ಮುಟ್ಟದ, ಕಾರ್ಖಾನೆಯ ಕ್ಯಾಟಲಾಗಿನಲ್ಲಿ ಮಾತ್ರ ಇದ್ದ ಒಂದು ಮಿಷನ್. ನಮ್ಮ ದರ್ಜಿಯ ಗುರುತು ಕಸವಾಯಿತು, ಕಂಪನಿಯ ಗುರುತು ಪರಂಪರೆಯಾಯಿತು. ಈ ಆಯ್ಕೆಯನ್ನು ಯಾರು ಮಾಡಿದರು, ಯಾವ ಅಧಿಕಾರದಿಂದ ಮಾಡಿದರು ಎಂದು ವಿಮರ್ಶಕನಾದವನು ಕೇಳಲೇಬೇಕು.

ನಗರದ ಅಭಿರುಚಿ ಇದನ್ನು ಕೇಳುವುದಿಲ್ಲ. ಲಂಡನ್ನಿನ ಆಲ್‌ಸೇಂಟ್ಸ್ ಬಟ್ಟೆ ಅಂಗಡಿಗಳು ಕಿಟಕಿ ತುಂಬ ಹಳೆಯ ಮಿಷನ್‌ಗಳನ್ನು ಸಾಲಾಗಿ ಪೇರಿಸಿಟ್ಟು ಹೆಸರು ಮಾಡಿದವು, ಒಂದೂ ಹೊಲಿಯುವುದಿಲ್ಲ. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಸಿಂಗರಿನ ಬೀಡು ಕಾಲುಗಳ ಮೇಲೆ ಸಾಗುವಾನಿ ಹಲಗೆ ಕೂತು ಮೇಜಾಗಿದೆ, ತಲೆ ಎಲ್ಲಿ ಹೋಯಿತೋ. ತಮಾಷೆಯೆಂದರೆ ಅದೇ ಗಿರಾಕಿಗಳು ಕೈಕೆಲಸದ ಗುರುತು ಕಾಣುವ ವಸ್ತುಗಳನ್ನೇ ಹುಡುಕಿ ಕೊಳ್ಳುತ್ತಾರೆ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯ ಹೆಂಗಸರು ಮಾಡುವ ಸುಟ್ಟ ಮಣ್ಣಿನ ಸರ, ಓಲೆಗಳಲ್ಲಿ ಬೆರಳಿನ ಗುರುತಿದ್ದರೆ ಅದಕ್ಕೆ ಬೆಲೆ. ಮಿಷನ್ನಿನ ಮೇಲೆ ಬೆರಳು ಸವೆಸಿದ ಗುರುತಿದ್ದರೆ ಅದು ಕುಂದು.

ಹಾಗೆಂದು ಹೊಸ ಡೆಕಾಲನ್ನು ಸಾರಾಸಗಟಾಗಿ ತಿರಸ್ಕರಿಸಲು ನಾನು ಸಿದ್ಧನಿಲ್ಲ. ಮಳೆಯಲ್ಲಿ ನೆನೆದು ತುಕ್ಕು ಹಿಡಿದು, ಬಣ್ಣವೇ ಹಕ್ಕಳೆಯಾಗಿ ಎದ್ದ ಮೈಗೆ ಬಣ್ಣ ಹೊಡೆಯದೆ ಗತಿಯಿಲ್ಲ. ಬಣ್ಣ ಹೊಡೆದ ಮೇಲೆ ಚಿತ್ತಾರ ಇಡುವುದರಲ್ಲಿ ತಪ್ಪೂ ಇಲ್ಲ. ಹಿಂದೆಯೇ ಯಾರೋ ಹಸಿರು ಎನಾಮಲ್ ಬಳಿದು ಕೆಡಿಸಿದ ಮಿಷನ್ನಿನಲ್ಲಿ ಕಾಪಾಡುವಂಥದ್ದು ಏನೂ ಉಳಿದಿರುವುದಿಲ್ಲ. ಮತ್ತೆ, ಅದೇ ಮಿಷನ್ನಿನ ಮೇಲೆ ಕುಬುಸ ಹೊಲಿದು ಮಕ್ಕಳನ್ನು ಓದಿಸಿದ ಹೆಂಗಸೊಬ್ಬಳು ‘ನನ್ನ ಮಿಷಿನ್ನಿಗೆ ಬಂಗಾರ ಹಾಕಸ್ತೀನ್ರಿ’ ಅಂದರೆ ವೆನಿಸ್ ಸನ್ನದು ಓದಿಹೇಳುವ ದುರಹಂಕಾರ ನನಗಿಲ್ಲ. ಮಿಷನ್ ಅವಳದು, ಸವೆತ ಅವಳದು, ಅಳಿಸುವ ಹಕ್ಕೂ ಅವಳದು. ಕೊಂಡು ತಂದು ಅಳಿಸುವವನಿಗೆ ಆ ಹಕ್ಕು ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ಇಷ್ಟರ ನಡುವೆ ಒಂದು ಸರ್ಕಾರಿ ಕಾರಣವೂ ಹಳೆಯ ಮಿಷನ್‌ಗಳನ್ನು ಮನೆಯಿಂದ ಹೊರಗೆ ಹಾಕುತ್ತಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಲ್ಲಿ ದರ್ಜಿಗಳನ್ನೂ ಸೇರಿಸಿತು, ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ಕೊಡುತ್ತದೆ. ರಾಜ್ಯದ ಇಲಾಖೆಗಳು ಹಂಚುವ ಉಚಿತ ಹೊಲಿಗೆ ಯಂತ್ರ ಬೇರೆ. ಕಸುಬಿನವರಿಗೆ ಒಳ್ಳೆಯದೇ ಆಯಿತು. ಜೂಕಿ, ಜ್ಯಾಕ್ ಮೋಟಾರ್ ಮಿಷನ್‌ಗಳ ವೇಗದ ಎದುರು 28ಕೆಯ ಕೈ ತಿರುಗಣೆ ಹೊಟ್ಟೆ ತುಂಬಿಸಲಾರದು. ಹೊಸದು ಬಂದ ಮನೆಯಿಂದ ಹಳೆಯದು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ, ಗುಜರಿಯಿಂದ ಡೆಕಾಲ್ ಹಚ್ಚುವವರ ಕೈಗೆ. ಅಲ್ಲಿ ಬದುಕುವುದಾದರೆ ಬದುಕಲಿ ಎಂದು ಒಂದು ಮನಸ್ಸು ಹೇಳುತ್ತದೆ. ಬದುಕಿದ್ದು ಹೊಲಿಯಬೇಕಲ್ಲ ಎಂದು ಇನ್ನೊಂದು. ಮೈಗೆ ಮೂರು ಪದರ ಹೊಳಪು ಹಾಕಿ, ಒಳಗೆ ಗಟ್ಟಿಯಾದ ಹಳೆ ಎಣ್ಣೆಯನ್ನು ಹಾಗೆಯೇ ಬಿಟ್ಟ ಮಿಷನ್‌ಗಳು ಸಾಕಷ್ಟಿವೆ. ಚಕ್ರ ತಿರುಗಿಸಿದರೆ ಗರಗರ ಅನ್ನುತ್ತದೆ, ಟೆನ್ಷನ್ ಸ್ಪ್ರಿಂಗ್ ಸತ್ತಿರುತ್ತದೆ, ಬಾಬಿನ್ ಸುತ್ತುವ ಗಾಲಿಯ ರಬ್ಬರ್ ಕಲ್ಲಾಗಿರುತ್ತದೆ. ಇಂಥದ್ದಕ್ಕೆ ಜೀರ್ಣೋದ್ಧಾರದ ಹೆಸರು ಕೊಡಲು ನಾನು ಒಪ್ಪುವುದಿಲ್ಲ. ಒಳಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಸವೆದ ಚಿತ್ತಾರವನ್ನು ಹಾಗೆಯೇ ಉಳಿಸಿ ಹೊಲಿಯುವ ಹಾಗೆ ಮಾಡಿಕೊಟ್ಟ ಸಾಮಾನ್ಯ ಮೆಕ್ಯಾನಿಕ್‌ನ ಕೆಲಸ ಇದಕ್ಕಿಂತ ಎಷ್ಟೋ ಮೇಲು.

ನಿಮ್ಮ ಅಟ್ಟದ ಮೇಲೆ ಅಜ್ಜಿಯ ಮಿಷನ್ ಇದ್ದರೆ ಒಂದು ಕೋರಿಕೆ. ಸ್ಪಿರಿಟ್ ಮುಟ್ಟಿಸಬೇಡಿ, ಚಿತ್ತಾರದ ಮೇಲೆ ಸೀಮೆಎಣ್ಣೆಯೂ ಬೇಡ. ಹತ್ತಿಯಲ್ಲಿ ಎರಡು ಹನಿ ಮಿಷನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ಹಾಸಿನ ಬಲಗಡೆಯ ಸಂಖ್ಯೆ ಬರೆದಿಟ್ಟುಕೊಳ್ಳಿ, 786 ಆಗಲಿ ರಾಯರಾಗಲಿ ಮೇಲಿರುವುದರ ಫೋಟೊ ತೆಗೆದಿಡಿ, ಯಾರು ಹೊಲಿಯುತ್ತಿದ್ದರು, ಏನು ಹೊಲಿಯುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಡ್ರಾಯರಿನಲ್ಲಿ ಹಾಕಿ. ಡೆಕಾಲ್ ತರಿಸಲೇಬೇಕು ಅನ್ನಿಸಿದರೆ ಮೊದಲು ಹೊಸ ಬೆಲ್ಟ್ ಹಾಕಿಸಿ, ಒಂದು ತಲೆದಿಂಬಿನ ಚೀಲ ಹೊಲಿದು ನೋಡಿ, ಆಮೇಲೆ ತೀರ್ಮಾನಿಸಿ.